ಪೂಜೆಗೆ ಕೂರದ ಪಾನಾ

ಪೆಟ್ರೋಲು ಮತ್ತು ಊದಿನಕಡ್ಡಿ, ಎರಡರ ವಾಸನೆ ಒಟ್ಟಿಗೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ವರ್ಷಕ್ಕೊಮ್ಮೆ, ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ ದಿನ, ತಪ್ಪದೆ ಬರುತ್ತದೆ. ಯಾದಗಿರಿಯಲ್ಲಿ ಈಗ ನನ್ನದೇ ಒಂದು ಸಣ್ಣ ಗ್ಯಾರೇಜಿದೆ. ನವಮಿಯ ಬೆಳಿಗ್ಗೆ ಹತಾರಗಳನ್ನೆಲ್ಲ ಡೀಸೆಲ್ಲಿನಲ್ಲಿ ತೊಳೆದು, ಹಳೆ ಧೋತರದಿಂದ ಒರೆಸಿ, ಮಣೆಯ ಮೇಲೆ ಸಾಲಾಗಿ ಇಟ್ಟು, ಚೆಂಡುಹೂ ಏರಿಸಿ ಕಾಯಿ ಒಡೆಯುತ್ತೇವೆ. ಈ ವರ್ಷವೂ ಹಾಗೆಯೇ ಆಯಿತು. ಹೆಂಡತಿ ಆರತಿ ತಟ್ಟೆ ಹಿಡಿದು ನಿಂತವಳು ಮಣೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಅದೊಂದು ಪಾನಾ ಈ ವರ್ಷನೂ ಕಿಸೇದಾಗೇ ಇಟ್ಕೊಂಡೀರೇನು?" ಎಂದು ಕೇಳಿದಳು.

ನಟ್ಟು ಬಿಚ್ಚುವ ಸ್ಪ್ಯಾನರಿಗೆ ನಮ್ಮ ಕಡೆ ಪಾನಾ ಅನ್ನುತ್ತಾರೆ. "ಹೂಂ" ಅಂದೆ. ಅವಳು ಮುಂದೆ ಕೇಳಲಿಲ್ಲ, ಕಥೆ ಅವಳಿಗೆ ಗೊತ್ತು. ಗೊತ್ತಿಲ್ಲದವರು ನಾನು ಮರೆತಿದ್ದೇನೆ ಅಂದುಕೊಂಡು "ಮಲ್ಲಣ್ಣ, ಅದೊಂದು ಬಿಟ್ಟೀರಿ ನೋಡ್ರಿ" ಎಂದು ನೆನಪಿಸುತ್ತಾರೆ. ನಾನು ಯಾವುದನ್ನೂ ಮರೆತಿಲ್ಲ. ಅದೇ ನನ್ನ ಸಮಸ್ಯೆ ಎಂದು ಅವ್ವ ಹೇಳುತ್ತಿದ್ದಳು.

ಹಿಂದೆ ನಾನು ಹನ್ನೊಂದು ವರ್ಷ ಶಹಾಪುರದಲ್ಲಿ ಈರಣ್ಣ ಉಸ್ತಾದನ ಗ್ಯಾರೇಜಿನಲ್ಲಿ ದುಡಿದಿದ್ದೆ. ಯಾದಗಿರಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಭೀಮಾ ನದಿ ದಾಟಿ, ಅಂಗಾತ ಮಲಗಿದ ಮನುಷ್ಯನಂತೆ ಕಾಣುವ ಆ ಗುಡ್ಡ ಬರುವ ಹೊತ್ತಿಗೆ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ಉಸ್ತಾದನಿಗಿಂತ ಮೊದಲು ನಾನು ಶಟರ್ ಎತ್ತಬೇಕು ಎಂಬ ಹುಚ್ಚು ನನಗೆ. ಹಳೆಯ ಬುಲೆಟ್ ಗಾಡಿಗಳ ಕೆಲಸದಲ್ಲಿ ಉಸ್ತಾದನನ್ನು ಸರಿಗಟ್ಟುವವರು ಮೂರು ತಾಲ್ಲೂಕಿನಲ್ಲಿ ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಸದ್ದು ಕೇಳಿ ರೋಗ ಹೇಳುತ್ತಿದ್ದ. ಆತ ಹೇಳಿದ ಒಂದೊಂದು ಮಾತೂ ನನಗೆ ವೇದವಾಗಿತ್ತು. "ಚಾಲೂ ಇರೋ ಕಾರ್ಬೊರೇಟರ್ ಬಿಚ್ಚಿದವ ಮಿಸ್ತ್ರಿ ಅಲ್ಲಲೇ, ಹುಚ್ಚ" ಎಂಬುದು ಅವುಗಳಲ್ಲಿ ಒಂದು. ಕಾರ್ಬೊರೇಟರ್ ಅಂದರೆ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಉಣಿಸುವ ಸಾಮಾನು. ಚೆನ್ನಾಗಿ ಓಡುತ್ತಿದ್ದರೆ ಅದರ ತಂಟೆಗೆ ಹೋಗಬೇಡ ಎಂದು ಅರ್ಥ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಸ್ತಾದನಿಗೇ ತಿರುಗಿ ಬೀಳುತ್ತದೆ.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ನವಮಿಯ ದಿನ ಹತಾರಗಳು ಪೂಜೆಗೆ ಕೂತರೆ ಮುಗಿಯಿತು, ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಗಿರಾಕಿ ಬಂದು ಕಾಲು ಹಿಡಿದರೂ ಇಲ್ಲ. ದಶಮಿಯ ಬೆಳಿಗ್ಗೆ ಉಸ್ತಾದ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಕುಂಕುಮ ಹಚ್ಚಿದ ಪಾನಾವನ್ನು ಕೈಯಲ್ಲಿ ಕೊಡುತ್ತಿದ್ದ. ಅದನ್ನು ಕಣ್ಣಿಗೊತ್ತಿಕೊಂಡು ಉಸ್ತಾದನ ಕಾಲು ಮುಟ್ಟಬೇಕು. ಪಾನಾ ಸಿಕ್ಕಿತೆಂದರೆ ಬರುವ ದಸರೆಯವರೆಗೆ ನೀನು ಆ ಗ್ಯಾರೇಜಿನವನು. ಹತ್ತು ಸಲ ನನ್ನ ಹೆಸರನ್ನೇ ಮೊದಲು ಕರೆದಿದ್ದ.

ಹನ್ನೊಂದನೆಯ ವರ್ಷದ ನವಮಿಯಂದು, ಮಂಗಳಾರತಿ ಇನ್ನೂ ಉರಿಯುತ್ತಿದ್ದಾಗ, ಸುರಪುರದ ಗುರುಪಾದಪ್ಪ ಮಾಸ್ತರರು ಬಂದರು. ನಿವೃತ್ತರಾದ ಶಾಲಾ ಮಾಸ್ತರರು, ಸಿಡುಕು ಮನುಷ್ಯ. ಅವರ ಹಳೆಯ ಬುಲೆಟ್ಟು ಶ್ರಾವಣದಲ್ಲಿ ನಮ್ಮಲ್ಲಿ ಕೆಲಸಕ್ಕೆ ಬಿದ್ದಿತ್ತು. ಕೈಚೀಲದಿಂದ ಒಂದು ಕಾರ್ಬೊರೇಟರ್ ತೆಗೆದು ಪೂಜೆಯ ಮಣೆಯ ಮೇಲೆ, ಹೂವಿನ ನಡುವೆ ಕುಕ್ಕಿದರು.

"ಇದು ನಂದಲ್ಲ. ನಕಲಿ ಅದ. ನಂದ್ಯಾರು ತಗದೀರಿ ಹೇಳ್ರಿ" ಅಂದರು.

ಉಸ್ತಾದ ಅದನ್ನು ಎತ್ತಿ ತಿರುಗಿಸಿ ನೋಡಿದ. ಒಂದು ಕ್ಷಣವೂ ಯೋಚಿಸಲಿಲ್ಲ. "ಆ ಗಾಡಿ ಕೆಲಸ ಮಾಡಿದ್ದು ಮಲ್ಲ್ಯಾ ರೀ" ಎಂದು ನನ್ನ ಕಡೆ ಬೆರಳು ತೋರಿಸಿದ.

ಗಾಲಿ, ಬ್ರೇಕು ನಾನು ಮಾಡಿದ್ದು ನಿಜ. ಆದರೆ ಕಾರ್ಬೊರೇಟರಿನ ಕಡೆ "ನಾ ನೋಡ್ಕೋತೀನಿ, ನೀ ಬಿಡು" ಎಂದು ಕೂತವನು ಉಸ್ತಾದ ತಾನೇ. ನಾನು ಆತನ ಮುಖ ನೋಡಿದೆ. ಆತ ಊದಿನಕಡ್ಡಿ ನೋಡುತ್ತಿದ್ದ. ಉಸ್ತಾದನ ಎದುರು ಬಾಯಿ ತೆಗೆದವನೇ ಅಲ್ಲ ನಾನು. ಮಾಸ್ತರರು ಬೈಯುತ್ತ ಆ ನಕಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದರು. ಮರುದಿನ ಬೆಳಿಗ್ಗೆ ಆರು ಜನರ ಹೆಸರು ಕರೆದ. ಆರು ಪಾನಾ ಕೊಟ್ಟ. ಏಳನೆಯದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಗಲ್ಲೆಪೆಟ್ಟಿಗೆಯ ಮೇಲೆ ಇಟ್ಟು, "ಕಳ್ಳನ ಕೈಯಾಗ ಹತಾರ ಕೊಡಂಗಿಲ್ಲ. ನಡಿ" ಅಂದ. ಚಹದ ಅಂಗಡಿಯವನು, ಪಂಕ್ಚರಿನವನು, ಬಸ್ಸಿಗೆ ನಿಂತ ಹೆಂಗಸರು, ಎಲ್ಲರೂ ನೋಡುತ್ತಿದ್ದರು. ಬರಿಗೈಯಲ್ಲಿ ಬಸ್ಸು ಹತ್ತಿದೆ. ಭೀಮಾ ಸೇತುವೆಯ ಮೇಲೆ ಬರುವಾಗ ಮೊದಲ ಬಾರಿಗೆ ಅನಿಸಿತು: ಇವನನ್ನು ಬಿಡಬಾರದು.

ಕಳ್ಳನೆಂಬ ಸುದ್ದಿ ನನಗಿಂತ ಮೊದಲು ಊರೂರು ತಲುಪಿತ್ತು. ಯಾವ ಗ್ಯಾರೇಜಿನವರೂ ಸೇರಿಸಿಕೊಳ್ಳಲಿಲ್ಲ. ಕೊನೆಗೆ ರೈಲು ಹಿಡಿದು ಸೈದಾಪುರಕ್ಕೆ ಹೋಗಿ, ಕಡೇಚೂರಿನ ಒಂದು ಫ್ಯಾಕ್ಟರಿಯಲ್ಲಿ ಡ್ರಮ್ಮು ಉರುಳಿಸುವ ಕೆಲಸಕ್ಕೆ ಸೇರಿದೆ. ಎರಡನೇ ಪಾಳಿ. ಡ್ರಮ್ಮು ಉರುಳಿಸುವಾಗ ತಲೆಗೆ ಕೆಲಸವಿರುವುದಿಲ್ಲ. ಹಾಗಾಗಿ ತಲೆಯಲ್ಲಿ ಒಂದೇ ವಿಷಯ ಸುತ್ತುತ್ತಿತ್ತು. ಉಸ್ತಾದನದೂ ಒಂದು ಹಳೆಯ ಬುಲೆಟ್ಟಿತ್ತು. ಅದನ್ನು ದಿನಾ ಬೆಳಿಗ್ಗೆ ಹತ್ತು ಕಿಕ್ಕು ಹೊಡೆದು ಚಾಲೂ ಮಾಡಿಕೊಡುತ್ತಿದ್ದವನು ನಾನೇ. ಆ ಶ್ರಾವಣದ ನಂತರ ಅದು ಒಂದೇ ಕಿಕ್ಕಿಗೆ ಎದ್ದು ನಿಲ್ಲತೊಡಗಿತ್ತು. ಸದ್ದು ಕೇಳಿ ರೋಗ ಹೇಳುವುದನ್ನು ನನಗೂ ಆತನೇ ಕಲಿಸಿದ್ದನಲ್ಲ. ಮಾಸ್ತರರ ಕಾರ್ಬೊರೇಟರ್ ಎಲ್ಲಿದೆಯೆಂದು ನನ್ನ ಕಿವಿಗೆ ಗೊತ್ತಿತ್ತು. ಕಿವಿಯ ಸಾಕ್ಷಿಯನ್ನು ಯಾರು ಕೇಳುತ್ತಾರೆ?

ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲಿ ಸುರಪುರಕ್ಕೆ ಹೋದೆ. ಮಾಸ್ತರರ ಬುಲೆಟ್ಟು ಬೇವಿನ ಮರದ ಕೆಳಗೆ ಹೆಣವಾಗಿ ಬಿದ್ದಿತ್ತು. ಇನ್ನೇನೇನು ಬದಲಾಗಿದೆಯೋ ಎಂಬ ಅನುಮಾನಕ್ಕೆ ಯಾರ ಕೈಯಲ್ಲೋ ಇಂಜಿನ್ನಿನ ತಲೆ ಬಿಚ್ಚಿಸಿದವರು, ಹಾಗೆಯೇ ಬಿಟ್ಟಿದ್ದರು. ಸಿಲಿಂಡರಿನೊಳಗೆ ಮಳೆನೀರು ನಿಂತಿತ್ತು, ಅದರಲ್ಲಿ ಬೇವಿನ ಹಣ್ಣುಗಳು ತೇಲುತ್ತಿದ್ದವು. ನನ್ನನ್ನು ಕಂಡು ಮಾಸ್ತರರು ಕಟ್ಟೆಯಿಂದ ಏಳಲೂ ಇಲ್ಲ.

"ಇನ್ನೇನು ಉಳದದಪಾ ಕದಿಯಾಕ?"

"ನಾ ಕದ್ದಿಲ್ರಿ ಮಾಸ್ತರ. ಗಾಡಿ ಒಯ್ದು ಚಾಲೂ ಮಾಡಿ ತರ್ತೀನಿ. ರೊಕ್ಕ ಬ್ಯಾಡ್ರಿ."

"ಕದ್ದಿಲ್ಲಂದ್ರ ಪುಕ್ಕಟ್ಟೆ ಯಾಕ ಮಾಡ್ತಿ?"

"ಸಿಟ್ಟಿಗೆ" ಎಂದು ಹೇಗೆ ಹೇಳುವುದು? ಆಗ ಒಳಗಿನಿಂದ ಅವರ ಹೆಂಡತಿ ಶಾಂತವ್ವ ಬಂದರು. "ಒಯ್ಲಿ ಬಿಡ್ರಿ. ಆ ಹೆಣ ನೋಡಿ ನೋಡಿ ನನಗ ಸಾಕಾಗ್ಯಾದ" ಅಂದರು. ಮಾಸ್ತರರು ಕೈ ಬೀಸಿದರು. "ಒಯ್ಯಿ. ಆದ್ರ ಇದ್ದದ್ದು ಇದ್ದಂಗ ತರಬೇಕು. ನನ್ನ ಕಾರ್ಬೊರೇಟರ್ ಸಮೇತ. ಕದ್ದವಗ ಅದು ಎಲ್ಲದ ಅಂತ ಗೊತ್ತಿರ್ತದಲ್ಲ." ಗೂಡ್ಸ್ ಆಟೋದಲ್ಲಿ ಗಾಡಿಯನ್ನು ಮಲಗಿಸಿಕೊಂಡು ಬರುವಾಗ ಶಹಾಪುರದಲ್ಲಿ ಉಸ್ತಾದನ ಗ್ಯಾರೇಜಿನ ಮುಂದೆಯೇ ಹಾಯ್ದೆವು. ತಾಡಪತ್ರಿ ಹೊದಿಸಿದ್ದೆ. ಆತನಿಗೆ ಕಾಣಲಿಲ್ಲ.

ನಮ್ಮ ಮನೆಯ ಹಿತ್ತಲಲ್ಲಿ ಅವ್ವ ತೊಗರಿ ಕಟ್ಟಿಗೆ ಒಟ್ಟುತ್ತಿದ್ದ ಒಂದು ತಗಡಿನ ಛಪ್ಪರವಿತ್ತು. ಕಟ್ಟಿಗೆ ಸರಿಸಿ ಅದನ್ನೇ ಗ್ಯಾರೇಜು ಮಾಡಿಕೊಂಡೆ. ಎರಡನೇ ಪಾಳಿಯಾದ್ದರಿಂದ ಬೆಳಿಗ್ಗೆ ಎದ್ದಾಗಿನಿಂದ ಮಧ್ಯಾಹ್ನದ ರೈಲಿನವರೆಗೆ ಹೊತ್ತು ನನ್ನದು. ಆ ವರ್ಷ ಮಳೆಯೂ ಹಠ ಹಿಡಿದಂತೆ ಸುರಿಯಿತು. ಹೆಸರುಕಾಯಿ ಗಿಡದ ಮೇಲೆಯೇ ಮೊಳಕೆ ಬಂದವು, ಭೀಮಾ ತುಂಬಿ ಕೆಂಪಾಗಿ ಹರಿಯಿತು. ತಗಡಿನ ಮೇಲಿನ ಮಳೆಯ ಸದ್ದಿನಲ್ಲಿ ಅವ್ವ ರೊಟ್ಟಿಗೆ ಕರೆದರೂ ಕೇಳುತ್ತಿರಲಿಲ್ಲ.

ಪಿಸ್ಟನ್ ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಹೊಡೆದು ಬಿಡಿಸಬಹುದಿತ್ತು, ಆದರೆ ಒಡೆದುಹೋದರೆ ನನ್ನ ಕೆಲಸ ಅಲ್ಲಿಗೇ ಮುಗಿಯಿತು. ದಿನಾ ಬೆಳಿಗ್ಗೆ ಡೀಸೆಲ್ಲು, ಎಣ್ಣೆ ಬೆರೆಸಿ ಸುರಿದು, ಕಿಕ್ಕಿನ ಮೇಲೆ ಮೈಭಾರ ಬಿಟ್ಟು ನಿಲ್ಲುತ್ತಿದ್ದೆ. ಹದಿನಾಲ್ಕನೆಯ ದಿನ ಕಾಲ ಕೆಳಗೆ ಅದು ಕೂದಲೆಳೆಯಷ್ಟು ಜಾರಿತು. ನಾನು ಕೂಗಿದ ಕೂಗಿಗೆ ಅವ್ವ ಹಾವು ಕಡಿಯಿತೆಂದು ಓಡಿ ಬಂದಳು. ಇಲಿ ತಿಂದ ವೈರುಗಳನ್ನು ಕಿತ್ತು ಹೊಸದಾಗಿ ಎಳೆದೆ. ಗಾಲಿಯ ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಮರಳಲ್ಲಿ ಉಜ್ಜಿದೆ.

ತೊಂದರೆಯೆಂದರೆ ಹತಾರ. ಅಷ್ಟು ಹಳೆಯ ಬುಲೆಟ್ಟಿನ ಕೆಲವು ನಟ್ಟುಗಳ ಅಳತೆಯೇ ಬೇರೆ, ಈಗಿನ ಬಜಾರಿನ ಪಾನಾ ಕೂರುವುದಿಲ್ಲ, ಕೂರಿಸಲು ಹೋದರೆ ನಟ್ಟಿನ ಮೂಲೆ ಸವೆಯುತ್ತದೆ. ಅಂಥದ್ದೊಂದು ನನ್ನ ಪಾನಾ ಉಸ್ತಾದನ ಗಲ್ಲೆಯ ಮೇಲೆ ಕೆಂಪು ಬಟ್ಟೆಯಲ್ಲಿ ಕೂತಿತ್ತು. ಕೇಳಲು ಹೋಗುವ ಮಾತೇ ಇಲ್ಲ. ಗುಜರಿಯಲ್ಲಿ ಲಾರಿಯ ಕಮಾನ್ ಪಟ್ಟಿಯ ತುಂಡು ಹುಡುಕಿ, ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ ಬಡಿಸಿ, ಬಾಯಿಯನ್ನು ನಾನೇ ಅರದಿಂದ ಉಜ್ಜಿ ಅಳತೆಗೆ ತಂದೆ. ಎಂಟು ದಿನ ಹಿಡಿಯಿತು. ಒಂದೊಂದು ಉಜ್ಜಿಗೆ ಒಂದೊಂದು ಬೈಗುಳ. ಕಲಿತ ಬೈಗುಳವೆಲ್ಲ ತೀರಿದ ಮೇಲೆ ಮತ್ತೆ ಮೊದಲಿನಿಂದ ಶುರುಮಾಡಿದೆ. ಕಪ್ಪಗೆ, ಡೊಂಕಾಗಿ, ನೋಡಲು ಏನೂ ಚೆಂದವಿಲ್ಲದ ಪಾನಾ ಅದು. ಆದರೆ ನಟ್ಟಿಗೆ ಹಾಕಿದರೆ ಅಲುಗಾಡದೆ ಕೂರುತ್ತಿತ್ತು.

ಇದ್ದದ್ದು ಇದ್ದಂತೆ ತರಬೇಕೆಂದು ಮಾಸ್ತರರು ಹೇಳಿದ್ದರೂ ಎರಡು ವಿಷಯದಲ್ಲಿ ನನ್ನ ಕೈ ತಡೆಯಲಾಗಲಿಲ್ಲ. ಹಸಿರು ಪೆಟ್ರೋಲ್ ಟಾಕಿಗೆ ಕುಂಕುಮಗೆಂಪು ಬಣ್ಣ ಹೊಡೆದೆ. ಮಳೆಯ ಥಂಡಿಗೆ ಎರಡು ಸಲ ಗುಳ್ಳೆ ಎದ್ದಿತು, ಎರಡೂ ಸಲ ಕೆರೆದು ಮೂರನೆಯ ಸಲ ಹೊಡೆದೆ. ಎರಡನೆಯದು ಸೈಲೆನ್ಸರ್. ಸ್ಟೇಷನ್ ಹತ್ತಿರದ ಲೇಥಿನಲ್ಲಿ ಕೊಳವೆ ಕೊಯ್ಯಿಸಿ, ಒಳಗಿನ ಜಾಲರಿ ಬದಲಿಸಿ, ಎದೆಗೆ ಗುದ್ದುವಂಥ ಸದ್ದು ಬರುವ ಹಾಗೆ ಮಾಡಿದೆ. ನಾನು ಬರುವುದು ಉಸ್ತಾದನಿಗೆ ಅರ್ಧ ಮೈಲಿಯಿಂದಲೇ ಕೇಳಬೇಕು, ಕೇಳಿ ಯಾವ ಗಾಡಿಯೆಂದು ಗುರುತು ಸಿಗದೆ ತಳಮಳಿಸಬೇಕು ಎಂಬುದು ನನ್ನ ಆಸೆಯಾಗಿತ್ತು.

"ಗಾಡಿ ಮಾಡಾಕತ್ತೀಯೋ, ತೋಪು ಮಾಡಾಕತ್ತೀಯೋ?" ಎಂದು ಅವ್ವ ಕೇಳಿದಳು. ಪುಂಡಿಪಲ್ಯ ಬಡಿಸುತ್ತ, "ಆ ಉಸ್ತಾದನ್ನ ಬಿಟ್ಬಿಡಲೇ ಮಲ್ಲ್ಯಾ. ನಿನ್ನ ಮೈಯಾಗಿನ ರಕ್ತ ಸುಡಾಕತ್ತದ" ಅಂದಳು. ನಾನು ಇನ್ನೊಂದು ರೊಟ್ಟಿ ಕೇಳಿದೆ.

ಭಾದ್ರಪದದಲ್ಲಿ ಇಂಜಿನ್ನು ಉಸಿರಾಡಿತು. ಆದರೆ ಆ ನಕಲಿ ಕಾರ್ಬೊರೇಟರ್ ಇರುವವರೆಗೆ ಅದಕ್ಕೆ ಕೆಮ್ಮು ಬಿಡುವಂತಿರಲಿಲ್ಲ. ಓಡಿದರೆ ಓಡಿತು, ನಿಂತರೆ ಗಪ್ಪಾಗುತ್ತಿತ್ತು. ಚಾಲೂ ಆಗಿದೆಯೆಂದು ಫೋನು ಮಾಡಿದ್ದಕ್ಕೆ ಮಾಸ್ತರರು ನಂಬದೆ, ಶಾಂತವ್ವನನ್ನೂ ಕರೆದುಕೊಂಡು ಬಸ್ಸಿಗೆ ಬಂದರು. ಛಪ್ಪರದ ಕೆಳಗೆ ನಿಂತು ಗಾಡಿಯನ್ನು ಸುತ್ತಿ ಸುತ್ತಿ ನೋಡಿದರು. ಕೆಂಪು ಬಣ್ಣಕ್ಕೆ ಬೈದರು. ಸದ್ದಿಗೆ ಬೈದರು. ಬೈಯುತ್ತಲೇ ಸೀಟಿನ ಮೇಲೆ ಕೈಯಾಡಿಸಿದರು.

ನಾನು ಆಗ ಕಾರ್ಬೊರೇಟರಿನ ಕಟೋರಿ ಬಿಚ್ಚಿ ತೊಳೆಯುತ್ತಿದ್ದೆ. ಕಾರ್ಬೊರೇಟರಿನ ಕೆಳಗೆ ಪೆಟ್ರೋಲು ನಿಲ್ಲಲು ಒಂದು ಸಣ್ಣ ದುಂಡನೆಯ ಬಟ್ಟಲಿರುತ್ತದೆ, ಅದೇ ಕಟೋರಿ. ತಳದಲ್ಲಿ ಒಂದೇ ಒಂದು ದೊಡ್ಡ ನಟ್ಟು ಅದನ್ನು ಹಿಡಿದಿರುತ್ತದೆ, ನನ್ನ ಡೊಂಕು ಪಾನಾ ಅದಕ್ಕೂ ಕೂರುತ್ತಿತ್ತು. ಶಾಂತವ್ವ ನನ್ನ ಕೈಯಿಂದ ಅದನ್ನು ಇಸಿದುಕೊಂಡು ತಿರುಗಿಸಿ ನೋಡಿ, "ಇದ್ರ ಮ್ಯಾಲೆ ನನ್ನ ಹೆಸರಿಲ್ಲಲ್ಲ?" ಅಂದರು.

ಮಾಸ್ತರರು ಕೆಮ್ಮಿದರು. "ಏ, ಸುಮ್ನಿರು" ಅಂದರು. ಶಾಂತವ್ವ ಸುಮ್ಮನಿರುವವರಲ್ಲ. ಎಷ್ಟೋ ವರ್ಷದ ಹಿಂದೆ ಮಗಳ ಮದುವೆಗೆ ತಂದ ಬಾಂಡೆ ಸಾಮಾನಿನ ಮೇಲೆ ಹೆಸರು ಹಾಕಲು ಒಬ್ಬನನ್ನು ಕರೆಸಿದ್ದರಂತೆ. ಸ್ಟೀಲಿನ ತಟ್ಟೆ, ಚರಿಗೆ, ಬಟ್ಟಲುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುತ್ತಾರಲ್ಲ, ಅವನು. ಅಂದೇ ಮಾಸ್ತರರು ಕಾರ್ಬೊರೇಟರ್ ಬಿಚ್ಚಿ, ಕಟೋರಿ ತೊಳೆದು, ಹೊರಸಿನ ಮೇಲೆ ಬಾಂಡೆಗಳ ಪಕ್ಕದಲ್ಲೇ ಒಣಗಲು ಇಟ್ಟಿದ್ದರು. ಅವನು ತಟ್ಟೆಗೆ ಹಾಕಿದ, ಚರಿಗೆಗೆ ಹಾಕಿದ, ಇದೂ ಒಂದು ಬಟ್ಟಲೆಂದು ಇದಕ್ಕೂ ಹಾಕಿಬಿಟ್ಟ: ಶಾಂತಾಬಾಯಿ ಗು. ಸುರಪುರ.

"ಇವ್ರು ಒಂದು ವಾರ ನನ್ನ ಕೂಡ ಮಾತಾಡಿದ್ದಿಲ್ಲ" ಎಂದು ಶಾಂತವ್ವ ನಕ್ಕರು. "ಆಮ್ಯಾಲೆ ಹೆಸರು ಇಂಜಿನ್ ಕಡಿ ತಿರುಗಿಸಿ ಕುಂದ್ರಿಸಿದ್ರು, ಯಾರಿಗೂ ಕಾಣಬಾರದಂತ."

ನಾನು ಎದ್ದು ನಿಂತೆ. "ಮಾಸ್ತರ, ಅವತ್ತು ಗ್ಯಾರೇಜಿನಾಗ ಇದನ್ಯಾಕ ಹೇಳಲಿಲ್ರೀ?"

"ಭರೇ ಬಜಾರದಾಗ ನಿಂತು ಹೇಣ್ತಿ ಹೆಸರು ಹೇಳ್ಲೇನು?" ಎಂದು ಗದರಿದರು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಹೆಸರಿನ ಗುರುತು ಇದೆಯೆಂದು ಕೇಳಿ ಕಳ್ಳನ ಮುಖ ಅರಳುವುದಿಲ್ಲ. ನನ್ನ ಮುಖ ಅರಳಿದ್ದು ಅವರಿಗೆ ಕಂಡಿರಬೇಕು. "ನೀ ತಗದಿಲ್ಲಲ್ಲೋ ತಮ್ಮಾ" ಎಂದು ಮೆತ್ತಗೆ ಅಂದರು. ಒಂದು ವರ್ಷದಲ್ಲಿ ಆ ಮಾತು ಹೇಳಿದ ಮೊದಲ ಮನುಷ್ಯ ಅವರು. ನನಗೆ ಅಳು ಬಂತು, ಅದಕ್ಕೂ ಸಿಟ್ಟು ಬಂತು.

ಲೆಕ್ಕ ಸರಳವಾಗಿತ್ತು. ಉಸ್ತಾದ ಆ ಕಾರ್ಬೊರೇಟರನ್ನು ಇಡಿಯಾಗಿ ತೆಗೆದು ತನ್ನ ಗಾಡಿಗೆ ಕೂರಿಸಿರುತ್ತಾನೆ. ಒಂದೇ ಕಿಕ್ಕಿಗೆ ಎದ್ದ ಮೇಲೆ ಅದನ್ನು ಬಿಚ್ಚಿರುವುದಿಲ್ಲ. ಚಾಲೂ ಇರುವುದನ್ನು ಬಿಚ್ಚಿದವನು ಹುಚ್ಚ ತಾನೆ? ಟಾಕಿ ಒರೆಸುತ್ತಾನೆ, ಇಂಜಿನ್ನಿನ ಸಂದಿಯ ಜಿಡ್ಡು ಒರೆಸುವವನಲ್ಲ. ಹೆಸರು ಅಲ್ಲೇ ಇರುತ್ತದೆ. ಅಂದೇ ಹೋಗೋಣ ಎಂದು ಮಾಸ್ತರರು ಎದ್ದರು. ನಾನು ಬೇಡವೆಂದೆ. ನವಮಿಗೆ ಇನ್ನು ಇಪ್ಪತ್ತು ದಿನವಿತ್ತು. ನನ್ನ ಮಾನ ಹೋದದ್ದು ಆ ದಿನ, ಬರುವುದೂ ಅದೇ ದಿನ ಬರಬೇಕು. ಆ ಇಪ್ಪತ್ತು ದಿನ ನಾನು ಉಂಡ ಅನ್ನದ ರುಚಿಯೇ ಬೇರೆ.

ನವಮಿಯ ಬೆಳಿಗ್ಗೆ ಅವ್ವ ಕುಡುಗೋಲು, ಈಳಿಗೆ, ಕುರ್ಪಿ ಎಲ್ಲ ತೊಳೆದು ಪೂಜೆಗೆ ಇಟ್ಟಳು. "ನಿನ್ನ ಪಾನಾನೂ ತಾ" ಅಂದಳು. ತೊಳೆದು ತಂದೆ. ಮಣೆಯ ಹತ್ತಿರ ಬಗ್ಗಿದವನಿಗೆ ಏನೋ ಹೊಳೆಯಿತು, ಹಾಗೆಯೇ ನೆಟ್ಟಗಾದೆ. "ಇದೊಂದು ಇರ್ಲಿ ಬಿಡಬೇ" ಅಂದೆ. "ಹಬ್ಬದ ದಿನ ಹತಾರ ಹೊರಗಿಡಬಾರದು" ಎಂದು ಅವ್ವ ಗೊಣಗಿದಳು. ಪಾನಾವನ್ನು ಪ್ಯಾಂಟಿನ ಕಿಸೆಗೆ ಇಳಿಬಿಟ್ಟು ಗಾಡಿಗೆ ಕಿಕ್ಕು ಹೊಡೆದೆ.

ಮಾಸ್ತರರು ಸುರಪುರದಿಂದ ಬಸ್ಸಿಗೆ ಬಂದು ಶಹಾಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದರು. ಹಿಂದೆ ಕೂರಿಸಿಕೊಂಡೆ. ನಕಲಿ ಕಾರ್ಬೊರೇಟರ್ ಕೆಮ್ಮಿದರೂ ಸೈಲೆನ್ಸರ್ ತನ್ನ ಕೆಲಸ ಮಾಡಿತು. ಗ್ಯಾರೇಜಿನ ಮುಂದೆ ತಲುಪುವ ಹೊತ್ತಿಗೆ ಉಸ್ತಾದ ಹೊರಗೆ ಬಂದು, ಕಣ್ಣು ಮುಚ್ಚಿಕೊಂಡು, ತಲೆ ಓರೆಮಾಡಿ ನಿಂತಿದ್ದ. ಕಣ್ಣು ತೆರೆದಾಗ ಎದುರಿಗೆ ನಾನಿದ್ದೆ. ಆ ಮುಖ ನೋಡಲು ನಾನು ಒಂದು ವರ್ಷ ಕಾದಿದ್ದೆ, ಕಾದದ್ದು ಸಾರ್ಥಕವಾಯಿತು.

ಒಳಗೆ ಹತಾರಗಳೆಲ್ಲ ಹೂವಿನಲ್ಲಿ ಮುಳುಗಿದ್ದವು. ಬಾಳೆಕಂದು ಕಟ್ಟಿದ ಬಾಗಿಲಲ್ಲಿ ಉಸ್ತಾದನ ಬುಲೆಟ್ಟು ಹಾರ ಹಾಕಿಕೊಂಡು ನಿಂತಿತ್ತು. ಆರು ಜನ ಕೆಲಸದವರು, ಪ್ರಸಾದಕ್ಕೆ ಬಂದ ಗಿರಾಕಿಗಳು, ಅದೇ ಚಹದ ಅಂಗಡಿಯವನು.

"ಉಸ್ತಾದ, ನಿಮ್ಮ ಗಾಡೀದು ಕಟೋರಿ ಒಂದೀಟು ಬಿಚ್ಚಿ ತಿರುಗಿಸಿ ತೋರಸ್ರಿ" ಅಂದೆ. "ಮಾಸ್ತರು ತಮ್ಮ ಗುರುತು ನೋಡಾಕ ಬಂದಾರ."

ಉಸ್ತಾದನ ಕಣ್ಣು ಒಮ್ಮೆ ಗಾಡಿಯ ಕಡೆ ಹೋಗಿ ಬಂತು. ಗುರುತು ಏನೆಂದು ಆತನಿಗೆ ಗೊತ್ತಿರಲಿಲ್ಲ, ಆದರೆ ಬುದ್ಧಿವಂತ. ನಕ್ಕ. "ನೋಡ್ಲಿ, ನನಗೇನು. ಆದ್ರ ಇವತ್ತ ಆಗಂಗಿಲ್ಲ. ಹತಾರ ಎಲ್ಲಾ ಪೂಜಿಗಿ ಕುಂತಾವ. ಹನ್ನೊಂದು ವರ್ಷ ಉಂಡು ಬೆಳದೀ, ನಿನಗ ಗೊತ್ತಿಲ್ಲೇನು ಪದ್ಧತಿ? ನಾಳೆ ಬಾ."

ಜನ ತಲೆಯಾಡಿಸಿದರು. ಮಾಸ್ತರರು ಕೂಡ ಅನುಮಾನಿಸಿದರು. ನಾಳೆ ಅಂದರೆ ರಾತ್ರಿ ಕಳೆದು ನಾಳೆ. ನಾಳೆಯ ಹೊತ್ತಿಗೆ ಆ ಕಟೋರಿ ಯಾವ ಬಾವಿಯಲ್ಲಿರುತ್ತದೋ. ನಾನು ಕಿಸೆಗೆ ಕೈ ಹಾಕಿದೆ.

"ಪೂಜಿಗಿ ಕುಂತ ಹತಾರ ಮುಟ್ಟಬಾರದು, ಖರೆ. ಇದು ಕುಂತಿಲ್ರಿ" ಎಂದು ಪಾನಾ ಎತ್ತಿ ಎಲ್ಲರಿಗೂ ತೋರಿಸಿದೆ. "ಹ್ವಾದ ವರ್ಷ ನೀವು ನನ್ನ ಕೈಯಾಗ ಹತಾರ ಕೊಡಲಿಲ್ಲ. ಅದಕ್ಕ ನಾನ ಮಾಡ್ಕೊಂಡೆ. ಇದಕ್ಕ ಉಸ್ತಾದ ಇಲ್ಲ, ಪೂಜಿ ಇಲ್ಲ, ಪದ್ಧತಿನೂ ಇಲ್ಲ."

ನಾನು ಉಸ್ತಾದನ ಗಾಡಿಯ ಪಕ್ಕ ಮೊಣಕಾಲೂರಿ ಕೂತೆ. ಪಾನಾ ನಟ್ಟಿಗೆ ಹೋಗಿ ಹೇಳಿ ಮಾಡಿಸಿದಂತೆ ಕೂತಿತು. ಒಂದೇ ಎಳೆತಕ್ಕೆ ಸಡಿಲವಾಯಿತು. ಪೆಟ್ರೋಲು ಸೋರಿ ಗಾಲಿಯ ಕೆಳಗಿನ ನಿಂಬೆಹಣ್ಣಿನ ಮೇಲೆ, ಕುಂಕುಮದ ಮೇಲೆ ಹರಿಯಿತು. ಊದಿನಕಡ್ಡಿ ದೂರ ಸರಿಸಿರೆಂದು ಯಾರೋ ಕೂಗಿದರು. ಕಟೋರಿ ಕೈಗೆ ಬಂತು. ಹೆಬ್ಬೆರಳಿನಿಂದ ಜಿಡ್ಡು ತಿಕ್ಕಿದೆ. ಜಿಡ್ಡಿನ ಕೆಳಗೆ ಚುಕ್ಕಿಗಳು, ಚುಕ್ಕಿ ಸೇರಿ ಅಕ್ಷರ. ಎದ್ದು ಅದನ್ನು ಮಾಸ್ತರರ ಕೈಗೆ ಕೊಟ್ಟೆ.

"ಏನೈತ್ರಿ ಅದ್ರಾಗ?" ಎಂದು ಚಹದ ಅಂಗಡಿಯವನು ಕತ್ತು ಚಾಚಿದ.

ಮಾಸ್ತರರು ಒಂದು ಸಲ ಬಜಾರದ ತುಂಬ ನೋಡಿದರು. ಆಮೇಲೆ ತರಗತಿಯಲ್ಲಿ ಹಾಜರಿ ಕರೆಯುವ ಗಂಟಲಿನಲ್ಲಿ ಹೇಳಿದರು: "ಶಾಂತಾಬಾಯಿ. ನನ್ನ ಹೇಣ್ತಿ ಹೆಸರು." ಒಬ್ಬೊಬ್ಬರ ಕೈಗೂ ಕಟೋರಿ ದಾಟಿತು. ಆರು ಜನ ಕೆಲಸದವರೂ ಓದಿದರು. ಯಾರೂ ಉಸ್ತಾದನ ಮುಖ ನೋಡಲಿಲ್ಲ. ಅದನ್ನು ನಾನೊಬ್ಬನೇ ನೋಡಿದೆ, ಕಣ್ಣು ಪಿಳುಕಿಸದೆ, ತೃಪ್ತಿಯಾಗುವವರೆಗೆ. ಅದೇ ಪಾನಾದಿಂದ ಅಲ್ಲೇ ಎರಡೂ ಗಾಡಿಯ ಕಾರ್ಬೊರೇಟರ್ ಬಿಚ್ಚಿದೆ. ನಿಜವಾದದ್ದನ್ನು ಮಾಸ್ತರರ ಗಾಡಿಗೆ ಕೂರಿಸಿದೆ. ನಕಲಿಯನ್ನು ಉಸ್ತಾದನ ಸೀಟಿನ ಮೇಲೆ, ಹಾರದ ನಡುವೆ ಇಟ್ಟೆ. ಕೆಂಪು ಬುಲೆಟ್ಟು ಒಂದೇ ಕಿಕ್ಕಿಗೆ ಎದ್ದಿತು. ಮಾಸ್ತರರನ್ನು ಸುರಪುರಕ್ಕೆ ಮುಟ್ಟಿಸಿ, ಗಾಡಿ ಒಪ್ಪಿಸಿ, ಶಾಂತವ್ವ ಬಡಿಸಿದ ಹೋಳಿಗೆ ಉಂಡು ಬಸ್ಸಿಗೆ ವಾಪಸಾದೆ.

ಮರುದಿನ ದಶಮಿ. ನಮ್ಮ ಕಡೆ ಅಂದು ಸಂಜೆ ಬನ್ನಿ ಎಲೆ ಹಂಚುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವರೂ ಅಂದು ಮನೆಗೆ ಬಂದು ಬನ್ನಿ ಕೊಟ್ಟರೆ ತೆಗೆದುಕೊಳ್ಳಬೇಕು, ಅಲ್ಲಿಗೆ ಜಗಳ ಮುಗಿಯಿತು. ಬೇಡ ಅಂದವರನ್ನು ನಾನು ಕಂಡಿರಲಿಲ್ಲ. ಹೊತ್ತು ಇಳಿಯುವಾಗ ನಾನು ಛಪ್ಪರದಲ್ಲಿ, ಗಾಡಿ ಇದ್ದ ಖಾಲಿ ಜಾಗದಲ್ಲಿ ಕೂತು ಎಣ್ಣೆಯ ಕಲೆ ತೊಳೆಯುತ್ತಿದ್ದೆ. ಉಸ್ತಾದ ಬಂದ. ಬಸ್ಸಿಗೆ ಬಂದಿದ್ದ, ಗಾಡಿ ಎದ್ದಿರಲಿಲ್ಲ. ಬಿಳಿ ಅಂಗಿ, ತಲೆಗೆ ರುಮಾಲು. ಒಂದು ಕೈಯಲ್ಲಿ ಬನ್ನಿ ಎಲೆ, ಇನ್ನೊಂದರಲ್ಲಿ ಕೆಂಪು ಬಟ್ಟೆಯ ಸುರುಳಿ. ಅವ್ವ ಬಾಗಿಲಲ್ಲಿ ನಿಂತಳು.

"ಆಸೆ ಆತು ಮಲ್ಲ್ಯಾ" ಅಂದ. "ಶ್ರಾವಣದಾಗ ಮಾಸ್ತರ ಗಾಡಿ ಸದ್ದು ಕೇಳಿ ಆಸೆ ಆತು. ಕೇಳಿದ್ರ ಮಾಸ್ತರ ಕೊಡ್ತಿದ್ದಿಲ್ಲ."

"ಅದು ಹೋಗ್ಲಿ ಉಸ್ತಾದ. ಆರು ಮಂದಿ ಇದ್ರು. ನನ್ನ ಹೆಸರೇ ಯಾಕ ಹೇಳಿದ್ರಿ?"

ಆತ ಬನ್ನಿ ಎಲೆಗಳ ಕಡೆ ನೋಡಿದ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಉಳಿದೋರು ತಿರುಗಿ ಮಾತಾಡ್ತಿದ್ರು. ನೀ ಮಾತಾಡಂಗಿಲ್ಲಂತ ಗೊತ್ತಿತ್ತು."

ಹನ್ನೊಂದು ವರ್ಷ ಆತನಿಗಿಂತ ಮೊದಲು ಶಟರ್ ಎತ್ತಿದ್ದಕ್ಕೆ ಸಿಕ್ಕ ಬೆಲೆ ಅದು. ಕಳ್ಳನೆಂದು ಕರೆದಾಗ ಆಗದ ನೋವು ಆಗ ಆಯಿತು. ಆತ ಎರಡೂ ಕೈ ಮುಂದೆ ಚಾಚಿದ. "ಬನ್ನಿ ತಗೋ. ಬಂಗಾರದಂಗ ಇರೋಣು" ಅಂದ. "ತಗೊಳೋ ಮಲ್ಲ್ಯಾ, ಹಿರಿಯಾ ಬಂದು ನಿಂತಾನ" ಎಂದು ಅವ್ವ ಬಾಗಿಲಿನಿಂದ ಅಂದಳು.

ನಾನು ಕೆಂಪು ಬಟ್ಟೆಯನ್ನು ತೆಗೆದುಕೊಂಡೆ. ಬಿಚ್ಚಿ, ನನ್ನ ಪಾನಾ ಹೌದೋ ಅಲ್ಲವೋ ನೋಡಿ, ಕಣ್ಣಿಗೊತ್ತಿಕೊಂಡೆ. ಕಾಲು ಮುಟ್ಟಲಿಲ್ಲ. ಬನ್ನಿಯನ್ನು ಆತನ ಅಂಗೈಯಲ್ಲೇ ಬಿಟ್ಟು, ಕೂತು, ಮತ್ತೆ ಎಣ್ಣೆಯ ಕಲೆ ತಿಕ್ಕತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಚಪ್ಪಲಿಯ ಸದ್ದು ದೂರವಾಯಿತು. ಅವ್ವ ಆ ರಾತ್ರಿ ನನ್ನನ್ನು ಊಟಕ್ಕೆ ಕರೆಯಲಿಲ್ಲ.

ಮುಂದೆ ಉಸ್ತಾದ ಗ್ಯಾರೇಜು ಮುಚ್ಚಿದ, ಕೆಲವು ವರ್ಷಕ್ಕೆ ತೀರಿಕೊಂಡ. ಮಣ್ಣಿಗೆ ಹೋಗಿ ಬಂದೆ. ಒಂದು ಎಲೆ ತಗೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೇಳುವವರು ಈಗಲೂ ಇದ್ದಾರೆ. ಏನೂ ಹೋಗುತ್ತಿರಲಿಲ್ಲ. ಆದರೂ ಆ ಹೊತ್ತು ಇನ್ನೊಮ್ಮೆ ಬಂದರೆ ಇನ್ನೊಮ್ಮೆಯೂ ತೆಗೆದುಕೊಳ್ಳುವುದಿಲ್ಲ.

ಈ ವರ್ಷದ ಪೂಜೆಯ ಮಣೆಯ ಮೇಲೆ ಉಸ್ತಾದ ಕೊಟ್ಟ ಪಾನಾ ಎಲ್ಲಕ್ಕಿಂತ ಮುಂದಿತ್ತು. ಅದಕ್ಕೇ ಮೊದಲ ಕುಂಕುಮ, ಅದಕ್ಕೇ ಮೊದಲ ಹೂವು. ಆತ ಕಲಿಸಿದ ವಿದ್ಯೆಯಲ್ಲೇ ನಾನು ಉಣ್ಣುವುದು, ಅದನ್ನು ಅಲ್ಲಗಳೆಯುವುದಿಲ್ಲ. ಆರತಿ ಮುಗಿಸಿ ಹೆಂಡತಿ ತಟ್ಟೆಯನ್ನು ನನ್ನ ಮುಂದೆ ಹಿಡಿದಳು. ಬಗ್ಗಿ ಕೈ ಚಾಚುವಾಗ ಕಿಸೆಯಲ್ಲಿದ್ದ ಡೊಂಕು ಪಾನಾ ತೊಡೆಗೆ ಒತ್ತಿತು.

"ಇವತ್ತ ಯಾರ ಗಾಡಿ ಬಿಚ್ಚೋದದ ಅದ್ರಿಂದ?" ಎಂದು ನಕ್ಕಳು.

"ಯಾರದೂ ಇಲ್ಲ" ಅಂದೆ. "ಇರ್ಲಿ."